ಹಬ್ಬಕ್ಕೆ ಮುನ್ನವೇ ತುಂಬಲಿ ಕುಸ್ವಾರ್ ಡಬ್ಬಿ

ಡಿಸೆಂಬರ್ ತಿಂಗಳ ಎರಡನೇ ವಾರ, ಸಂಜೆಯ ಹೊತ್ತಿಗೆ ಮಂಗಳೂರಿನ ಜೆಪ್ಪು, ವೆಲೆನ್ಸಿಯಾ, ಬೆಂದೂರು, ಕುಲಶೇಖರದ ಕಡೆ ಒಮ್ಮೆ ನಡೆದು ಬನ್ನಿ. ಕಾಯಿಹಾಲು ಬೆರೆಸಿದ ಹಿಟ್ಟು ಎಣ್ಣೆಯಲ್ಲಿ ಬೇಯುವ ಪರಿಮಳ ಯಾವುದಾದರೂ ಅಡುಗೆಮನೆಯ ಕಿಟಕಿಯಿಂದ ಬಂದು ನಿಮ್ಮನ್ನು ತಡೆದು ನಿಲ್ಲಿಸುತ್ತದೆ. ಜಗಲಿಯಲ್ಲಿ ಮಕ್ಕಳು ಗೋದಲಿ ಕಟ್ಟುವ ಸಡಗರದಲ್ಲಿದ್ದರೆ ಒಳಗೆ ಕುಸ್ವಾರ್ ತಯಾರಾಗುತ್ತಿದೆ ಎಂದೇ ಅರ್ಥ.

ಕುಸ್ವಾರ್ ಎಂಬುದು ಒಂದು ತಿಂಡಿಯ ಹೆಸರಲ್ಲ. ಕರಾವಳಿಯ ಕೊಂಕಣಿ ಕ್ರೈಸ್ತರು ನತಾಲ್ ಹಬ್ಬಕ್ಕೆ, ಅಂದರೆ ಕ್ರಿಸ್‌ಮಸ್‌ಗೆ ಮಾಡುವ ಹತ್ತಾರು ತಿಂಡಿಗಳ ಒಟ್ಟು ಹೆಸರು. ಕರ್ಜಿಕಾಯಿಯ ತಂಗಿಯಂತಿರುವ ನೆವ್ರಿ, ಫೋರ್ಕಿನ ಅಥವಾ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿದ ಕಿಡಿಯೊ, ಅಕ್ಕಿಹಿಟ್ಟಿನ ಪುಟ್ಟ ಗುಂಡುಗಳಾದ ಗುಳಿಯೊ, ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಕೊಕ್ಕಿಸಾಂ, ವಜ್ರಾಕಾರದ ತುಕ್ಡಿ, ಚಕ್ಕುಲಿ, ಅಕ್ಕಿ ಲಾಡು, ಗೇರುಬೀಜದ ಮಾಕರೂನ್, ಇವೆಲ್ಲಕ್ಕೂ ಕಿರೀಟವಿಟ್ಟಂತೆ ಪ್ಲಮ್ ಕೇಕ್. ಕೊಂಕಣಿಯಲ್ಲಿ ಕಿಡಿ ಎಂದರೆ ಹುಳ. ಹೆಸರು ಕೇಳಿ ಮುಖ ಸಿಂಡರಿಸಿದವರೂ ಒಂದು ಬಾಯಿಗೆ ಹಾಕಿಕೊಂಡ ಮೇಲೆ ಇನ್ನೊಂದಕ್ಕೆ ಕೈ ಚಾಚುತ್ತಾರೆ.

ತಟ್ಟೆಯಲ್ಲಿ ಜೋಡಿಸಿದಾಗ ಕಣ್ಣಿಗೆ ಎಷ್ಟು ಚಂದವೋ, ಮಾಡುವವಳ ಬೆನ್ನಿಗೆ ಅಷ್ಟೇ ಭಾರ. ನಾನು ಚಿಕ್ಕವಳಿದ್ದಾಗ ಹಬ್ಬದ ಹಿಂದಿನ ರಾತ್ರಿಯ ಬಲಿಪೂಜೆಯಲ್ಲಿ ಅಮ್ಮ ಬೆಂಚಿಗೆ ಒರಗಿ ನಿದ್ದೆ ಹೋಗುತ್ತಿದ್ದಳು. ನಾವು ಮಕ್ಕಳು ಮೊಣಕೈಯಿಂದ ತಿವಿದು ಎಬ್ಬಿಸಿ ನಗುತ್ತಿದ್ದೆವು. ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತರೆ ಅಮ್ಮ ಮಾತ್ರ ಸೌಟು ಹಿಡಿದು ನಿಂತಿರುತ್ತಿದ್ದಳು. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ ಎಂದು ತಿಳಿದದ್ದು ನಾನೇ ಸೌಟು ಹಿಡಿದ ಮೇಲೆ.

ಪಾಠ ಕಲಿಸಿದ ವರ್ಷ

ಮದುವೆಯಾಗಿ ಆರೇಳು ವರ್ಷವಾಗಿತ್ತು. ನನಗೆ ಕಚೇರಿ ಕೆಲಸ. ಆ ವರ್ಷ ನಮ್ಮ ಮನೆಯವರಿಗೆ ಎರಡು ತಿಂಗಳ ಸಂಬಳ ಬಂದಿರಲಿಲ್ಲ. ಬರುತ್ತದೆ, ಬರುತ್ತದೆ ಎಂದು ಕಾಯುತ್ತಾ ಡಿಸೆಂಬರ್ 20 ಆಯಿತು. ಕುಸ್ವಾರ್ ಇಲ್ಲದೆ ನೆರೆಮನೆಗೆ ಮುಖ ತೋರಿಸುವುದು ಹೇಗೆಂದು ಅಂಗಡಿಯಲ್ಲಿ ಸಾಲ ಹೇಳಿ ಮೈದಾ, ಸಕ್ಕರೆ, ತುಪ್ಪ, ಗೇರುಬೀಜ ಎಲ್ಲವನ್ನೂ ಒಟ್ಟಿಗೆ ತಂದೆ. ಕಚೇರಿಯಿಂದ ಬಂದು ಎರಡು ರಾತ್ರಿ ಕುಳಿತು ಒಂಬತ್ತು ಬಗೆ ಮಾಡಿದೆ. 23ರ ನಡುರಾತ್ರಿ ನಿದ್ದೆಗಣ್ಣಿನಲ್ಲಿ ಕೊಕ್ಕಿಸಾಂ ಅಚ್ಚು ಕೈಜಾರಿ ಬಾಣಲೆಗೆ ಬಿತ್ತು. ಸಿಡಿದ ಎಣ್ಣೆ ಮಣಿಕಟ್ಟನ್ನು ಸುಟ್ಟಿತು. ಗಡಿಬಿಡಿಯಲ್ಲಿ ಬಿಸಿ ಆರುವ ಮೊದಲೇ ಡಬ್ಬಿಗೆ ತುಂಬಿದ ನೆವ್ರಿ ಹೊಸವರ್ಷದ ಹೊತ್ತಿಗೆ ಬೂಸ್ಟು ಹಿಡಿಯಿತು. ಸಾಲ ತೀರಿದ್ದು ಫೆಬ್ರವರಿಯಲ್ಲಿ.

ಸುಟ್ಟ ಕೈಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದಾಗ ನಮ್ಮ ಅತ್ತೆ ಹೇಳಿದ ಮಾತು ಇಂದಿಗೂ ನೆನಪಿದೆ. ‘ಬಾಯೇ, ಕುಸ್ವಾರ್ ಒಂಬತ್ತು ಬಗೆ ಇರಬೇಕೆಂದು ಯಾವ ಪಾದ್ರಿಯೂ ಹೇಳಿಲ್ಲ. ಒಬ್ಬಳೇ ಕುಳಿತು ಮಾಡು ಎಂದೂ ಯಾರೂ ಹೇಳಿಲ್ಲ.’

‘ಮತ್ತೆ ನಿಮ್ಮ ಕಾಲದಲ್ಲಿ ಅಷ್ಟೊಂದು ಹೇಗೆ ಮಾಡುತ್ತಿದ್ದಿರಿ, ಮಾಂಯ್?’ ಎಂದು ಕೇಳಿದೆ.

ಅವರ ತವರಿನಲ್ಲಿ ಮೂರು ಮನೆಯ ಹೆಂಗಸರು ಸರದಿಯಂತೆ ಒಂದೊಂದು ದಿನ ಒಂದೊಂದು ಮನೆಯಲ್ಲಿ ಸೇರುತ್ತಿದ್ದರಂತೆ. ಗಂಡಸರು ಕಾಯಿ ತುರಿದರೆ ಮಕ್ಕಳು ಕಿಡಿಯೊ ಒತ್ತುವುದು. ಹಬ್ಬಕ್ಕೆ ನಾಲ್ಕು ವಾರ ಇರುವಾಗಲೇ ಕೆಲಸ ಶುರು. ನಾವು ಹಿರಿಯರ ತಿಂಡಿಗಳ ಪಟ್ಟಿಯನ್ನು ಮಾತ್ರ ಉಳಿಸಿಕೊಂಡು ಅವರ ಕೆಲಸದ ಕ್ರಮವನ್ನು ಕೈಬಿಟ್ಟಿದ್ದೇವೆ ಎಂದು ನನಗೆ ಹೊಳೆದದ್ದು ಆಗ. ಕುಸ್ವಾರ್‌ನ ಹೆಚ್ಚಿನ ತಿಂಡಿಗಳು ಕರಿದು, ಸಕ್ಕರೆ ಪಾಕ ಹಿಡಿಸಿ, ವಾರಗಟ್ಟಲೆ ಇಡಬಹುದಾದವು. ಮುಂಚಿತವಾಗಿ ಮಾಡುವುದು ಅವುಗಳ ಗುಣದಲ್ಲೇ ಇದೆ. ಮರುವರ್ಷದಿಂದ ನಮ್ಮ ಮನೆಯಲ್ಲಿ ಆ ಕ್ರಮ ಮರಳಿ ಬಂತು.

ನಾಲ್ಕು ಭಾನುವಾರಗಳ ಲೆಕ್ಕ

ಕ್ರಿಸ್‌ಮಸ್‌ಗೆ ಮೊದಲು ಆಗಮನ ಕಾಲದ ನಾಲ್ಕು ಭಾನುವಾರಗಳಿವೆ. ಮೊದಲನೆಯದು ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. ಈ ನಾಲ್ಕು ಭಾನುವಾರಗಳನ್ನೇ ಅಡುಗೆಯ ಕ್ಯಾಲೆಂಡರ್ ಮಾಡಿಕೊಂಡರೆ ಕೆಲಸ ಅರ್ಧ ಇಳಿದಂತೆ.

ಮೊದಲ ಭಾನುವಾರ ಕೇಕಿನದು. ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆಯನ್ನು ನವೆಂಬರ್ ಆರಂಭದಲ್ಲೇ ರಮ್‌ನಲ್ಲಿ ನೆನೆಹಾಕಿಟ್ಟವರು ಈ ದಿನ ಕೇಕ್ ಬೇಯಿಸಿ, ಪೂರ್ತಿ ಆರಿದ ಮೇಲೆ ಬೆಣ್ಣೆ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಡಬಹುದು. ವಾರಕ್ಕೊಮ್ಮೆ ಒಂದೆರಡು ಚಮಚ ರಮ್ ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಕೇಕ್ ಹದವಾಗಿ ಮಾಗುತ್ತದೆ. ರಮ್ ಬೇಡವೆನ್ನುವವರು ಹಣ್ಣುಗಳನ್ನು ಹಿಂದಿನ ರಾತ್ರಿ ಕಿತ್ತಳೆ ರಸದಲ್ಲಿ ನೆನೆಸಿ ಫ್ರಿಜ್‌ನಲ್ಲಿಟ್ಟರೆ ಸಾಕು. ಆದರೆ ಆ ಕೇಕ್ ಅಷ್ಟು ದಿನ ಉಳಿಯದು, ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ಮಾಡಿಕೊಳ್ಳಬೇಕು.

ಎರಡನೇ ಭಾನುವಾರ ಕಿಡಿಯೊ ಮತ್ತು ಗುಳಿಯೊ. ಒಂದು ಕಿಲೋ ಮೈದಾಕ್ಕೆ ನಾಲ್ಕೈದು ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು, ಕಲಸಲು ಬೇಕಾದಷ್ಟು ಕಾಯಿಹಾಲು. ಕರಿದ ಮೇಲೆ ಹಿಡಿಸುವ ಪಾಕಕ್ಕೆ ಸುಮಾರು 400 ಗ್ರಾಂ ಸಕ್ಕರೆ. ಇಷ್ಟರಿಂದ ದೊಡ್ಡದೊಂದು ಡಬ್ಬಿ ತುಂಬುತ್ತದೆ. ಪಾಕ ಗಟ್ಟಿಯಾಗಿ ಬಿಳಿ ಪುಡಿಯಂತೆ ಅಂಟಿ ಒಣಗುವವರೆಗೂ ಕೈಯಾಡಿಸುತ್ತಿರಬೇಕು, ಇಲ್ಲವಾದರೆ ಕಿಡಿಯೊ ಒಂದಕ್ಕೊಂದು ಅಂಟಿಕೊಂಡು ಉಂಡೆಯಾದೀತು.

ಮೂರನೇ ಭಾನುವಾರ ಕೊಕ್ಕಿಸಾಂ, ತುಕ್ಡಿ, ಚಕ್ಕುಲಿ. ಕೊಕ್ಕಿಸಾಂ ಗುಟ್ಟು ಇರುವುದು ಅಚ್ಚಿನಲ್ಲಿ. ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾದಿರದಿದ್ದರೆ ಹಿಟ್ಟು ಹಿಡಿಯದು. ಅಚ್ಚಿನ ಅಂಚು ಮುಳುಗುವಷ್ಟು ಅದ್ದಿದರೆ ಕರಿದ ಮೇಲೆ ಬಿಟ್ಟು ಬರದು. ಮುಕ್ಕಾಲು ಭಾಗ ಅದ್ದುವುದೇ ಸರಿಯಾದ ಲೆಕ್ಕ.

ನೆವ್ರಿಯನ್ನು ನಾಲ್ಕನೇ ಭಾನುವಾರಕ್ಕೇ ಉಳಿಸಿಕೊಳ್ಳಿ. ಒಳಗಿನ ಹೂರಣದಲ್ಲಿ ತೆಂಗಿನಕಾಯಿ ಇರುವುದರಿಂದ ಎಲ್ಲಕ್ಕಿಂತ ಮೊದಲು ಕೆಡುವುದು ಅದೇ. ಹಸಿ ಕಾಯಿತುರಿಯ ಬದಲು ಕೊಬ್ಬರಿ ತುರಿಯನ್ನು ಸಣ್ಣ ಉರಿಯಲ್ಲಿ ಗರಿಗರಿಯಾಗುವಂತೆ ಹುರಿದು, ಹುರಿದ ಎಳ್ಳು, ಸಕ್ಕರೆ, ಏಲಕ್ಕಿ, ಗೇರುಬೀಜದ ಚೂರು ಬೆರೆಸಿದರೆ ಭಯ ಕಡಿಮೆ. ಕೆಲವು ವರ್ಷ ಈ ಭಾನುವಾರ 24ರಂದೇ ಬರುತ್ತದೆ. ಆಗ ನೆವ್ರಿಯ ಕೆಲಸವನ್ನು ಹಿಂದಿನ ವಾರದ ಕೊನೆಗೆ ತಂದುಕೊಳ್ಳುವುದು ಜಾಣತನ.

ಕಿಸೆಗೆ ಭಾರವಾಗದಂತೆ

ಖರ್ಚಿನ ದೃಷ್ಟಿಯಿಂದ ಕುಸ್ವಾರ್‌ನಲ್ಲಿ ಎರಡು ವರ್ಗ. ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ ಅಗ್ಗದವು. ಮೈದಾ, ಅಕ್ಕಿಹಿಟ್ಟು, ಸಕ್ಕರೆ, ತೆಂಗಿನಕಾಯಿಯಲ್ಲಿ ಮುಗಿಯುತ್ತವೆ. ಕೇಕ್ ಮತ್ತು ಮಾಕರೂನ್ ದುಬಾರಿ. ಅಗ್ಗದ್ದನ್ನು ಧಾರಾಳವಾಗಿ, ದುಬಾರಿಯದನ್ನು ತಟ್ಟೆಗೊಂದು ತುಂಡು ಬರುವಷ್ಟು ಮಾಡಿದರೆ ತಟ್ಟೆಯ ಅಂದವೂ ಕೆಡದು, ತಿಂಗಳ ಲೆಕ್ಕವೂ ಕೆಡದು. ನಮ್ಮ ಮನೆಯಲ್ಲಿ ಈಗ ಐದೇ ಬಗೆ. ಒಂದು ಕಡಿಮೆಯಾಯಿತೆಂದು ಇದುವರೆಗೆ ಯಾರೂ ಎಣಿಸಿ ಹೇಳಿದ್ದಿಲ್ಲ.

ಸಾಮಾನನ್ನು ಒಂದೇ ದಿನ ತರಬೇಡಿ. ಸಕ್ಕರೆ, ಏಲಕ್ಕಿ, ಒಣದ್ರಾಕ್ಷಿಯನ್ನು ಅಕ್ಟೋಬರ್‌ನಿಂದಲೇ ತಿಂಗಳ ಸಾಮಾನಿನ ಜೊತೆ ಸ್ವಲ್ಪ ಸ್ವಲ್ಪವಾಗಿ ತಂದಿಟ್ಟುಕೊಳ್ಳಬಹುದು. ಮೈದಾ ಮಾತ್ರ ಬಳಸುವ ವಾರವೇ ತನ್ನಿ, ಹಳತಾದರೆ ಹುಳ ಬೀಳುತ್ತದೆ. ನೆವ್ರಿಗೂ ಕೇಕಿಗೂ ಇಡೀ ಗೇರುಬೀಜ ಬೇಕಿಲ್ಲ. ಅದಕ್ಕಿಂತ ಅಗ್ಗವಾಗಿ ಸಿಗುವ ತುಂಡು ಗೇರುಬೀಜದಲ್ಲಿ ರುಚಿಗೆ ಕೊರತೆಯೇನೂ ಆಗದು. ಮಾಕರೂನ್‌ಗೆ ಮೊಟ್ಟೆಯ ಬಿಳಿ ಮಾತ್ರ ಸಾಕು. ಆದ್ದರಿಂದ ಅದನ್ನು ಕೇಕ್ ಮಾಡುವ ದಿನವೇ ಮಾಡಿ, ಉಳಿದ ಹಳದಿಯನ್ನು ಕೇಕಿಗೆ ಹಾಕಿದರೆ ಮೊಟ್ಟೆ ವ್ಯರ್ಥವಾಗದು.

ಎಣ್ಣೆಯಲ್ಲೂ ಉಳಿತಾಯ ಉಂಟು. ಒಂದೇ ದಿನ ಹಲವು ಬಗೆ ಕರಿಯುವುದಿದ್ದರೆ ಸಿಹಿಯದು ಮೊದಲು, ಖಾರದ ತುಕ್ಡಿ ಕೊನೆಗೆ. ತಿರುಗಾ ಮುರುಗಾ ಮಾಡಿದರೆ ಕೊಕ್ಕಿಸಾಂ ಮೆಣಸಿನ ಪುಡಿಯ ವಾಸನೆ ಹೊಡೆಯುತ್ತದೆ, ಎಣ್ಣೆ ಬದಲಿಸದೆ ಗತ್ಯಂತರವಿಲ್ಲ.

ಡಬ್ಬಿಯ ಶಿಸ್ತು

ಕರಾವಳಿಯ ಗಾಳಿಯಲ್ಲಿ ಸದಾ ತೇವ. ಕರಿದ ತಿಂಡಿಯನ್ನು ಪೂರ್ತಿ ಆರಲು ಬಿಡದೆ ಮುಚ್ಚಳ ಹಾಕಬೇಡಿ. ಒಳಗಿನ ಬಿಸಿ ಹಬೆಯಾಗಿ ಮುಚ್ಚಳಕ್ಕೆ ತಾಗಿ, ನೀರಾಗಿ ತಿಂಡಿಯ ಮೇಲೆ ಬೀಳುತ್ತದೆ. ನನ್ನ ನೆವ್ರಿಗೆ ಆದ ಗತಿ ಅದೇ. ಡಬ್ಬಿ ಒಣಗಿರಲಿ. ಅಡಿಗೆ ಹಾಸಲು ಬಿಳಿ ಕಾಗದ ಬಳಸಿ, ಮುದ್ರಿತ ಕಾಗದದ ಶಾಯಿ ಎಣ್ಣೆಗೆ ಅಂಟುತ್ತದೆ. ಸಿಹಿ ಮತ್ತು ಖಾರ ಬೇರೆ ಬೇರೆ ಡಬ್ಬಿಯಲ್ಲಿರಲಿ. ಪ್ರತಿ ಡಬ್ಬಿಯ ಮೇಲೆ ಮಾಡಿದ ತಾರೀಖು ಬರೆದ ಚೀಟಿ ಅಂಟಿಸಿ. ಮುಂಬಯಿಗೋ ಗಲ್ಫ್‌ಗೋ ಹೋಗುವವರ ಕೈಯಲ್ಲಿ ಮಕ್ಕಳಿಗೆ ಕಳಿಸುವ ಪಾಲನ್ನು ಮೊದಲೇ ತೆಗೆದಿಡಿ. ದೂರ ಪ್ರಯಾಣಕ್ಕೆ ಕಿಡಿಯೊ, ಗುಳಿಯೊ ಗಟ್ಟಿಗರು. ಕೊಕ್ಕಿಸಾಂ ಮಾತ್ರ ಊರು ಮುಟ್ಟುವ ಹೊತ್ತಿಗೆ ಪುಡಿಯಾಗಿರುತ್ತದೆ.

ಇನ್ನು, ಅಡಗಿಸಿಡುವ ಜಾಗ! ಡಬ್ಬಿ ಎಲ್ಲಿದೆ ಎಂದು ಮಕ್ಕಳಿಗೆ ಗೊತ್ತಾದರೆ ಮೇಲಿನ ಯಾವ ಸಲಹೆಯೂ ಕೆಲಸಕ್ಕೆ ಬರದು.

ಹಬ್ಬದೂಟ ಹಿಂದಿನ ದಿನವೇ

ತಿಂಡಿ ಮುಗಿಯಿತು, ಊಟದ ಗತಿ? ಇಲ್ಲೂ ಹಿರಿಯರು ನಮಗೆ ದಾರಿ ಮಾಡಿಟ್ಟಿದ್ದಾರೆ. ಹಂದಿಮಾಂಸದ ಬಾಫತ್ ಮಾಡಿದ ದಿನಕ್ಕಿಂತ ಮರುದಿನ ರುಚಿ. ಖಾರ, ಹುಳಿ, ಉಪ್ಪು ಮಾಂಸದೊಳಗೆ ಇಳಿಯಲು ಸಮಯ ಬೇಕು. ಬಾಫತ್ ಪುಡಿಯನ್ನು ನವೆಂಬರ್‌ನಲ್ಲಿ ಒಳ್ಳೆಯ ಬಿಸಿಲು ನೋಡಿ ಮಾಡಿಡಬಹುದು. ನಮ್ಮ ಮನೆಯ ಅಳತೆ ಇದು: ಕಾಲು ಕಿಲೋ ಬ್ಯಾಡಗಿ ಮೆಣಸಿಗೆ 100 ಗ್ರಾಂ ಕೊತ್ತಂಬರಿ, 50 ಗ್ರಾಂ ಜೀರಿಗೆ, ತಲಾ 25 ಗ್ರಾಂ ಕರಿಮೆಣಸು ಮತ್ತು ಅರಸಿನ.

ಮಾಂಸವನ್ನು ಅಂಗಡಿಯವರಿಗೆ ವಾರ ಮೊದಲೇ ಹೇಳಿಟ್ಟು 23ರಂದು ಬೇಯಿಸಿ. ಬಿಸಿ ಇಳಿದ ಮೇಲೆ ಅಗಲವಾದ ಪಾತ್ರೆಗಳಲ್ಲಿ ಹರಡಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಬಡಿಸುವ ಮೊದಲು ಕೊತಕೊತ ಕುದಿಯಬೇಕು. ಪ್ರತಿಸಲ ಇಡೀ ಪಾತ್ರೆ ಬಿಸಿ ಮಾಡದೆ ಬೇಕಾದಷ್ಟನ್ನೇ ತೆಗೆದುಕೊಳ್ಳಿ.

ಸನ್ನಾಸ್‌ಗೆ ಕುಚ್ಚಲಕ್ಕಿ, ಬೆಳ್ತಿಗೆ, ಉದ್ದನ್ನು 24ರ ಬೆಳಿಗ್ಗೆ ನೆನೆಹಾಕಿ ಮಧ್ಯಾಹ್ನ ರುಬ್ಬಿ. ಕಳ್ಳು ಸಿಕ್ಕಿದರೆ ಕಳ್ಳು, ಇಲ್ಲದಿದ್ದರೆ ಯೀಸ್ಟ್. ಹಿಟ್ಟು ಉಬ್ಬಿದೊಡನೆ ಸಂಜೆಯೇ ಬೇಯಿಸಿಟ್ಟು ಇಗರ್ಜಿಗೆ ಹೊರಡಬಹುದು. ಬೆಳಿಗ್ಗೆ ಐದು ನಿಮಿಷ ಹಬೆಯಲ್ಲಿಟ್ಟರೆ ಮತ್ತೆ ಹೂವಿನಂತಾಗುತ್ತದೆ.

ಕೈಗಳು ಹೆಚ್ಚಾಗಲಿ

ಇಷ್ಟೆಲ್ಲ ಹೇಳಿದರೂ ಮುಖ್ಯವಾದ ಮಾತೊಂದು ಉಳಿದಿದೆ. ನಾಲ್ಕು ಭಾನುವಾರವೂ ಒಬ್ಬಳೇ ಒಲೆಯ ಮುಂದೆ ನಿಂತರೆ ಆಯಾಸ ನಾಲ್ಕು ಕಂತಾಯಿತೇ ಹೊರತು ಕಡಿಮೆಯಾಗಲಿಲ್ಲ. ಈಗ ನಮ್ಮ ಓಣಿಯ ಮೂರು ಮನೆಗಳು ಕೂಡಿ ಮಾಡುತ್ತೇವೆ. ಒಂದು ಮನೆಯಲ್ಲಿ ಕಿಡಿಯೊ, ಇನ್ನೊಂದರಲ್ಲಿ ಕೊಕ್ಕಿಸಾಂ, ನಮ್ಮಲ್ಲಿ ನೆವ್ರಿ. ಸಾಮಾನಿನ ಖರ್ಚು ಸಮಪಾಲು, ತಿಂಡಿಯೂ ಸಮಪಾಲು. ಒಂದೇ ಬಾಣಲೆ, ಒಂದೇ ಎಣ್ಣೆ, ಆರು ಕೈ. ಕಾಯಿ ತುರಿಯುವ ಕೆಲಸ ನಮ್ಮ ಮನೆಯವರದು. ಮೊದಲ ವರ್ಷ ಅವರು ಮುಖ ಊದಿಸಿಕೊಂಡಿದ್ದರು, ಈಗ ತುರಿಮಣೆಯನ್ನು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ.

ಹಬ್ಬದ ಬೆಳಿಗ್ಗೆ ಕಸೂತಿ ಬಟ್ಟೆ ಮುಚ್ಚಿದ ತಟ್ಟೆಗಳು ನೆರೆಹೊರೆಗೆ ಹೋಗುತ್ತವೆ. ಚೌತಿಗೆ ಕಡುಬು ಕಳಿಸಿದ ಮನೆಗೂ, ಈದ್‌ಗೆ ಬಿರಿಯಾನಿ ಕಳಿಸಿದ ಮನೆಗೂ ಕುಸ್ವಾರ್ ಹೋಗಲೇಬೇಕು. ಸಂಬಳ ಬಾರದ ಆ ವರ್ಷ ನಾನು ಹೆದರಿದ್ದು ಈ ತಟ್ಟೆಗಳಿಗಾಗಿ. ಆದರೆ ಆ ವರ್ಷ ಕೈ ಸುಟ್ಟುಕೊಂಡು ಕೊಟ್ಟ ಒಂಬತ್ತು ಬಗೆಯನ್ನು ಇಂದು ಯಾರೂ ನೆನಪಿಟ್ಟಿಲ್ಲ. ಪಟ್ಟಿ ಕಟ್ಟಿದ ಕೈ ನೋಡಿ ಪಕ್ಕದ ಮನೆಯಾಕೆ ಎರಡು ದಿನ ನಮ್ಮ ಪಾತ್ರೆ ತೊಳೆದುಕೊಟ್ಟದ್ದು ನನಗೆ ನೆನಪಿದೆ.

ಕಳೆದ ಕ್ರಿಸ್‌ಮಸ್‌ನ ಮಧ್ಯಾಹ್ನ ನಮ್ಮ ಮೇಜಿನ ಸುತ್ತ ಎಲ್ಲ ಕುರ್ಚಿಗಳೂ ತುಂಬಿದ್ದವು, ನನ್ನದೂ ಸೇರಿ. ಬಾಫತ್ ಪಾತ್ರೆ ಮೇಜಿನ ನಡುವೆ ಇತ್ತು, ಬೇಕಾದವರು ಬಡಿಸಿಕೊಂಡರು. ನಿಮ್ಮ ಹಬ್ಬ ಯಾವುದೇ ಇರಲಿ, ಆ ದಿನ ಅಡುಗೆ ಮಾಡಿದವಳಿಗೂ ಒಂದು ಕುರ್ಚಿ ಇರಬೇಕಾದರೆ ಡಬ್ಬಿಗಳು ಮೊದಲೇ ತುಂಬಿರಬೇಕು. ಈ ಸಲ ಮೊದಲ ಭಾನುವಾರವೇ ಒಂದು ಚೀಟಿ, ಒಂದು ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ, ಜೊತೆಗೆ ಮನೆಮಂದಿಯನ್ನೂ ಕೂರಿಸಿಕೊಳ್ಳಿ.