ಉಳಿದ ಎರಡು ಷೇರು ಯಾರ ಪಾಲಿಗೆ?

ಬೋನಸ್ ಷೇರು ಅಂದ ಕೂಡಲೇ ‘ಪುಕ್ಕಟೆ ಬಂತು’ ಅನ್ನುವವರೇ ಬಹಳ. ಪುಕ್ಕಟೆ ಅಲ್ಲ ಸ್ವಾಮಿ! ಕಂಪನಿಯ ಗಂಟಿನಲ್ಲಿ ಕೂಡಿಬಿದ್ದ ಹಣವೇ ಷೇರಿನ ರೂಪದಲ್ಲಿ ಪಾಲುದಾರರ ಹೆಸರಿಗೆ ಏರುತ್ತದೆ, ಅಷ್ಟೇ. ೨೦೧೩ರ ಕಂಪನಿ ಕಾಯ್ದೆಯ ೬೩ನೇ ಕಲಮು ಇದಕ್ಕೆ ಕಟ್ಟಳೆ ಹಾಕಿದೆ. ಡಿವಿಡೆಂಡ್ ಕೊಡುವ ಬದಲು ಬೋನಸ್ ಷೇರು ಕೊಟ್ಟು ಕೈ ತೊಳೆದುಕೊಳ್ಳುವ ಹಾಗಿಲ್ಲ.

ತಕರಾರು ಹುಟ್ಟುವುದು ಚೂರಿನಲ್ಲಿ. ಬೆಂಗಳೂರಿನ ವಿಪ್ರೋ ಕಂಪನಿ ೨೦೧೯ರ ಮಾರ್ಚಿನಲ್ಲಿ ೩ ಷೇರಿಗೆ ೧ ಬೋನಸ್ ಕೊಟ್ಟಿತು. ಮಂಗಳೂರಿನ ಕರ್ನಾಟಕ ಬ್ಯಾಂಕು ೨೦೨೦ರ ಮಾರ್ಚಿನಲ್ಲಿ ೧೦ಕ್ಕೆ ೧ ಕೊಟ್ಟಿತು. ಬ್ಯಾಂಕಿನ ೯ ಷೇರು ಇಟ್ಟುಕೊಂಡವನ ಲೆಕ್ಕಕ್ಕೆ ಬಂದದ್ದು ಹತ್ತರಲ್ಲಿ ಒಂಬತ್ತು ಪಾಲು! ಅರ್ಧ ಷೇರು, ಮುಕ್ಕಾಲು ಷೇರು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾದರೆ ಚೂರು ಎಲ್ಲಿಗೆ ಹೋಗಬೇಕು?

ಮಾತಿಗೆ ನಮ್ಮ ಊರುಗಳನ್ನೇ ಹಿಡಿಯೋಣ. ೩ಕ್ಕೆ ೧ ಬೋನಸ್. ಬಾಗಲಕೋಟೆ ಸಾಹುಕಾರರ ಹತ್ತಿರ ೧೦೦೦ ಷೇರು, ದಿನಾ ಬಸ್ಸಿಗೆ ಓಡಾಡುವ ಬಾದಾಮಿ ಗುಮಾಸ್ತರ ಹತ್ತಿರ ೨೫, ಹುನಗುಂದದ ಕಿರಾಣಿ ಅಂಗಡಿಯವರದು ೮, ಇಳಕಲ್ಲಿನ ಸೀರೆ ಅಂಗಡಿಯವರದು ಬರೀ ೨. ಒಟ್ಟು ೧೦೩೫, ಬೋನಸ್ ೩೪೫. ಇಡೀ ಷೇರು ಮಾತ್ರ ಎಣಿಸಿದರೆ ಸಾಹುಕಾರರಿಗೆ ೩೩೩, ಗುಮಾಸ್ತರಿಗೆ ೮, ಹುನಗುಂದಕ್ಕೆ ೨, ಇಳಕಲ್ಲಿಗೆ ಸೊನ್ನೆ. ಕೂಡಿಸಿದರೆ ೩೪೩. ಎರಡು ಉಳಿದವು!

‘ದೊಡ್ಡ ಪಾಲುದಾರರಿಗೇ ಹೋಗಲಿ ಬಿಡ್ರೀ’ ಅಂದರೆ ಇಳಕಲ್ಲಿನವರು ಬರಿಗೈ. ‘ಚೂರಿದ್ದವರಿಗೆಲ್ಲ ಒಂದೊಂದು ಕೊಡ್ರಿ’ ಅಂದರೆ ನಾಲ್ಕು ಬೇಕು, ಇರುವುದು ಎರಡು. ಅದರ ಮೇಲೆ ಠಕ್ಕರಿಗೂ ದಾರಿ ಆಗುತ್ತದೆ. ೧೦೦೦ ಷೇರನ್ನು ಎರಡೆರಡರಂತೆ ೫೦೦ ಹೆಸರಿಗೆ ಒಡೆದಿಟ್ಟವನು ೩೩೩ರ ಜಾಗದಲ್ಲಿ ೫೦೦ ಹೊಡೆದುಕೊಂಡು ಹೋಗುತ್ತಾನೆ.

ದೊಡ್ಡ ಚೂರಿದ್ದವರಿಗೆ ಮೊದಲು ಕೊಡುವುದು ಇನ್ನೊಂದು ದಾರಿ. ಹುನಗುಂದ, ಇಳಕಲ್ಲು ಎರಡಕ್ಕೂ ಮುಕ್ಕಾಲಿಗೆ ಹತ್ತಿರದ ಚೂರು, ಮೂರರಲ್ಲಿ ಎರಡು ಪಾಲು. ಒಂದೊಂದು ಅವರಿಗೆ ಸಿಗುತ್ತದೆ. ಆದರೆ ೨ ಷೇರಿಗೆ ೧ ಪಡೆದವರಿಗೆ ನೂರಕ್ಕೆ ೫೦, ೨೫ಕ್ಕೆ ೮ ಪಡೆದ ಗುಮಾಸ್ತರಿಗೆ ನೂರಕ್ಕೆ ೩೨. ಅವರು ಸುಮ್ಮನಿರುತ್ತಾರೆಯೇ? ಅಮೆರಿಕದವರಿಗೂ ಈ ಲೆಕ್ಕ ಕೈಕೊಟ್ಟಿದೆ. ೧೮೮೦ರ ಜನಗಣತಿಯ ನಂತರ ರಾಜ್ಯಗಳಿಗೆ ಸಂಸತ್ತಿನ ಸ್ಥಾನಗಳನ್ನು ಇದೇ ರೀತಿಯಲ್ಲಿ ಲೆಕ್ಕ ಹಾಕಿ ನೋಡಿದರು. ಸದನದಲ್ಲಿ ೨೯೯ ಸ್ಥಾನವಿದ್ದರೆ ಅಲಬಾಮಾಕ್ಕೆ ೮, ೩೦೦ ಆದರೆ ೭! ಒಟ್ಟು ಹೆಚ್ಚಿದಾಗ ಪಾಲು ಇಳಿದದ್ದು ಕಂಡು ಲೆಕ್ಕಿಗರೇ ತಲೆ ಕೆರೆದುಕೊಂಡರು.

ಅದಕ್ಕೇ ನಮ್ಮ ಕಂಪನಿಗಳು ಸಾಮಾನ್ಯವಾಗಿ ಬೇರೆ ಹಾದಿ ಹಿಡಿಯುತ್ತವೆ. ಚೂರುಗಳನ್ನೆಲ್ಲ ಕೂಡಿಸಿ ಇಡೀ ಷೇರು ಮಾಡಿ ಒಬ್ಬ ಟ್ರಸ್ಟಿಯ ಕೈಗೆ ಕೊಡುವುದು. ಅವರು ಪೇಟೆಯಲ್ಲಿ ಮಾರಿ, ಖರ್ಚು ಕಳೆದು, ಬಂದ ಹಣವನ್ನು ಚೂರಿಗೆ ತಕ್ಕಂತೆ ಹಂಚುವುದು. ಷೇರಿಗೆ ೩೦೦ ರೂಪಾಯಿ ಅಂತ ಹಿಡಿಯಿರಿ. ಎರಡಕ್ಕೆ ೬೦೦. ಬಾಗಲಕೋಟೆಗೆ ೧೦೦, ಬಾದಾಮಿಗೆ ೧೦೦, ಹುನಗುಂದಕ್ಕೆ ೨೦೦, ಇಳಕಲ್ಲಿಗೆ ೨೦೦. ಹೆಸರು ಒಡೆದವನಿಗೆ ಲಾಭವಿಲ್ಲ, ಸಣ್ಣವನಿಗೆ ನಷ್ಟವಿಲ್ಲ. ತಕ್ಕಡಿ ನೆಟ್ಟಗೆ ನಿಂತಿತು.

ಆದರೆ ಆ ೨೦೦ ರೂಪಾಯಿ ಮನೆ ಮುಟ್ಟಬೇಕಲ್ಲ? ಬ್ಯಾಂಕ್ ಖಾತೆ ಮುಚ್ಚಿದ್ದರೆ, ವಿಳಾಸ ಬದಲಾಗಿದ್ದರೆ ಹಣ ಕಂಪನಿಯಲ್ಲೇ ಕೂಡುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವರು ಇದನ್ನು ಚಂದಾಗಿ ಕೇಳಬೇಕು. ಅಪ್ಪ-ಅಜ್ಜಂದಿರ ಹಳೇ ಷೇರುಪತ್ರದ ಮೇಲೆ ಈಗ ನೀರು ನಿಂತ ಓಣಿಯ ವಿಳಾಸವೇ ಇದ್ದರೆ ಟಪಾಲು ಯಾರಿಗೆ ಮುಟ್ಟೀತು?

ಏಳು ವರ್ಷ ಯಾರೂ ಕೇಳದ ಚೂರಿನ ಹಣ, ಕಾಯ್ದೆಯ ೧೨೫ನೇ ಕಲಮಿನಂತೆ, ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ. ಅಲ್ಲಿಂದ ಮರಳಿ ಕೇಳಲು ಹಕ್ಕಿದೆ. ಆದರೆ ಅರ್ಜಿ, ದಾಖಲೆ, ಓಡಾಟ... ೨೦೦ ರೂಪಾಯಿಗಾಗಿ ಎಷ್ಟು ಜನ ತಿರುಗಾಡಿಯಾರು?

ದೊಡ್ಡವರ ಲೆಕ್ಕ ನೋಡಲು ಗುಮಾಸ್ತರಿರುತ್ತಾರೆ. ಸಣ್ಣವರ ಲೆಕ್ಕ ಸಣ್ಣವರೇ ನೋಡಿಕೊಳ್ಳಬೇಕು. ಟ್ರಂಕಿನಲ್ಲಿ ಹಳೇ ಷೇರುಪತ್ರ ಇದ್ದರೆ ಈ ವಾರವೇ ಹೊರಗೆ ತೆಗೆದು ವಿಳಾಸ, ವಾರಸುದಾರರ ಹೆಸರು, ಬ್ಯಾಂಕ್ ಖಾತೆ ಮೂರನ್ನೂ ಸರಿಮಾಡಿಸಿ.