ತಾಯಿ-ಮಗುವಿನ ರಕ್ಷಣೆಗೆ ಮೊಬೈಲ್ ಫೋನ್: ತಿಳಿದು ಬಳಸಿ



ಹೆರಿಗೆ ವಾರ್ಡಿನಲ್ಲಿ ಈಗ ಮೊಬೈಲ್ ಇಲ್ಲದ ಹಾಸಿಗೆ ಅಪರೂಪ. ಮಗು ಹುಟ್ಟಿದ ಸುದ್ದಿ ತಿಳಿಸಲು, ಫೋಟೋ ಕಳಿಸಲು ಅದು ಬೇಕೇ ಬೇಕು. ಅದೇ ಫೋನು ತಾಯಿಯನ್ನೂ ಮಗುವನ್ನೂ ಸೋಂಕು ರೋಗಗಳಿಂದ ಕಾಪಾಡುವ ಕೆಲಸಕ್ಕೂ ಬರುತ್ತದೆ. ಅದನ್ನು ಹೇಗೆ ಬಳಸಬೇಕು, ಎಲ್ಲಿ ಅದನ್ನು ನಂಬಿ ಕೂರಬಾರದು ಎಂಬುದನ್ನು ಇಲ್ಲಿ ಸರಳವಾಗಿ ತಿಳಿಸಲಾಗಿದೆ. ಓದಲು ಬಾರದ ಹಿರಿಯರಿಗೆ ದಯವಿಟ್ಟು ಓದಿ ಹೇಳಿ. ಮನೆಯಲ್ಲಿ ಬಾಣಂತನ ಮಾಡುವವರು ಹೆಚ್ಚಾಗಿ ಅವರೇ.

ಸೋಂಕು ಮಗುವಿಗೆ ಹೇಗೆ ತಗಲುತ್ತದೆ?

ಮೂರು ಸಮಯಗಳಲ್ಲಿ ತಗಲುತ್ತದೆ. ಮೊದಲನೆಯದು ಗರ್ಭದಲ್ಲಿರುವಾಗ. ಎಚ್.ಐ.ವಿ., ಸಿಫಿಲಿಸ್ ರೋಗಾಣುಗಳು ತಾಯಿಯ ರಕ್ತದಿಂದ ಮಗುವನ್ನು ಸೇರಬಹುದು. ಎರಡನೆಯದು ಹೆರಿಗೆಯ ಹೊತ್ತಿನಲ್ಲಿ. ಹೆಪಟೈಟಿಸ್-ಬಿ ಎಂಬ ಕಾಮಾಲೆ ರೋಗದ ವೈರಸ್ ಹೆಚ್ಚಾಗಿ ಆಗಲೇ ದಾಟುತ್ತದೆ. ಮೂರನೆಯದು ಹುಟ್ಟಿದ ನಂತರ. ಕೊಳೆ ಕೈ, ಹೊಕ್ಕುಳಿಗೆ ಹಚ್ಚಿದ ಬೂದಿ ಅಥವಾ ಎಣ್ಣೆ, ಕೆಮ್ಮು-ನೆಗಡಿ ಇರುವವರು ಕೊಡುವ ಮುತ್ತು, ಇವೆಲ್ಲ ಸೋಂಕಿನ ದಾರಿಗಳು.

ಹುಟ್ಟಿದ ಮೊದಲ 28 ದಿನಗಳಲ್ಲಿ ಮಗುವಿಗೆ ರೋಗದ ವಿರುದ್ಧ ಹೋರಾಡುವ ಶಕ್ತಿ ಬಹಳ ಕಡಿಮೆ. ದೊಡ್ಡವರಲ್ಲಿ ಎರಡು ದಿನದ ಜ್ವರವಾಗಿ ಹೋಗುವ ಸೋಂಕು ಎಳೆ ಮಗುವಿನಲ್ಲಿ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಸೇರಿ ನಂಜಾಗಬಹುದು. ಹಾಗಾಗಿ ಇಲ್ಲಿ ಔಷಧಿಯಷ್ಟೇ ಮುಖ್ಯವಾದದ್ದು ಸಮಯ. ಸಮಯವನ್ನು ನೆನಪಿಸುವ, ಮಾಹಿತಿಯನ್ನು ಬೇಗ ಮುಟ್ಟಿಸುವ ಕೆಲಸದಲ್ಲೇ ಫೋನು, ಕಂಪ್ಯೂಟರುಗಳು ನಮಗೆ ನೆರವಾಗುವುದು.

ತಪ್ಪಿಸಬಾರದ ಸಮಯಗಳು

- ಗರ್ಭಿಣಿ ಎಂದು ತಿಳಿದ ಕೂಡಲೇ ಎಚ್.ಐ.ವಿ., ಸಿಫಿಲಿಸ್, ಹೆಪಟೈಟಿಸ್-ಬಿ ರಕ್ತ ಪರೀಕ್ಷೆ.
- ಗರ್ಭಿಣಿಗೆ ಟಿ.ಡಿ. ಚುಚ್ಚುಮದ್ದು. ಸಾಮಾನ್ಯವಾಗಿ ನಾಲ್ಕು ವಾರಗಳ ಅಂತರದಲ್ಲಿ ಎರಡು ಬಾರಿ. ಇದು ತಾಯಿ-ಮಗು ಇಬ್ಬರನ್ನೂ ಧನುರ್ವಾಯುವಿನಿಂದ ಕಾಪಾಡುತ್ತದೆ.
- ಮಗು ಹುಟ್ಟಿದ 24 ಗಂಟೆಗಳ ಒಳಗೆ ಹೆಪಟೈಟಿಸ್-ಬಿ ಲಸಿಕೆ. ಜೊತೆಗೆ ಬಿ.ಸಿ.ಜಿ. ಮತ್ತು ಪೋಲಿಯೋ ಹನಿ.
- 6, 10 ಮತ್ತು 14ನೇ ವಾರ ಪೆಂಟಾವೇಲೆಂಟ್ ಮತ್ತು ಇತರ ಲಸಿಕೆಗಳು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮುಂತಾದ ಐದು ರೋಗಗಳಿಂದ ಪೆಂಟಾವೇಲೆಂಟ್ ಒಂದೇ ರಕ್ಷಣೆ ಕೊಡುತ್ತದೆ.
- 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಎಳೆ ಕೂಸುಗಳು ಹುಟ್ಟಿದ ಒಂದೆರಡು ವಾರಗಳಲ್ಲೇ ಧನುರ್ವಾಯುವಿನಿಂದ ತೀರಿಹೋಗುತ್ತಿದ್ದವು. ಗರ್ಭಿಣಿಯರಿಗೆ ಚುಚ್ಚುಮದ್ದು, ಸ್ವಚ್ಛ ಹೆರಿಗೆ ಇವೆರಡರಿಂದ ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲನೆಯ ಮಟ್ಟಕ್ಕೆ ಇಳಿದಿದೆ ಎಂದು 2015ರಲ್ಲಿ ಘೋಷಿಸಲಾಯಿತು. ಆದರೆ ಇದರ ರೋಗಾಣು ಮಣ್ಣಿನಲ್ಲಿ ಇದ್ದೇ ಇದೆ. ಚುಚ್ಚುಮದ್ದು ಬಿಟ್ಟರೆ ರೋಗ ಮರಳಿ ಬರುತ್ತದೆ.

ತಾಯಿ ಕಾರ್ಡು ಮತ್ತು ಕಂಪ್ಯೂಟರ್ ದಾಖಲೆ

ಗರ್ಭಿಣಿಯರ ಮತ್ತು ಮಕ್ಕಳ ಹೆಸರನ್ನು ಕಂಪ್ಯೂಟರಿನಲ್ಲಿ ದಾಖಲಿಸಿ, ಅವರಿಗೆ ಸಿಗಬೇಕಾದ ಸೇವೆಗಳ ಮೇಲೆ ನಿಗಾ ಇಡುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2009ರಲ್ಲಿ ಆರಂಭಿಸಿತು. ಅದೇ ಮುಂದೆ ಆರ್.ಸಿ.ಎಚ್. ಎಂಬ ದಾಖಲೆಯಾಗಿ ಬೆಳೆಯಿತು. ಎ.ಎನ್.ಎಂ. ಸಿಸ್ಟರ್ ನಿಮ್ಮ ಹೆಸರು ಬರೆದುಕೊಂಡಾಗ ನಿಮಗೊಂದು ಸಂಖ್ಯೆ ಸಿಗುತ್ತದೆ. ಯಾವ ತಾಯಿಗೆ ಚುಚ್ಚುಮದ್ದು ಬಾಕಿ ಇದೆ, ಯಾವ ಮಗುವಿಗೆ ಲಸಿಕೆಯ ದಿನ ಬಂದಿದೆ ಎಂಬ ಪಟ್ಟಿ ಈ ದಾಖಲೆಯಿಂದಲೇ ಸಿದ್ಧವಾಗುತ್ತದೆ.

ಆದರೆ ನಮ್ಮ ಕಡೆ ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಏಳು ತಿಂಗಳವರೆಗೆ ತಪಾಸಣೆ ಗಂಡನ ಊರಿನಲ್ಲಿ, ಹೆರಿಗೆ ತವರಿನಲ್ಲಿ, ಮಗುವಿಗೆ ಮೂರು-ಐದು ತಿಂಗಳಾದ ಮೇಲೆ ಮತ್ತೆ ಗಂಡನ ಮನೆಯಲ್ಲಿ. ಹೆಣ್ಣುಮಗಳು ಊರು ಬದಲಿಸಿದರೂ ಎಷ್ಟೋ ಸಲ ಅವಳ ರಿಪೋರ್ಟು ಹಿಂದಿನ ಊರಿನ ಕಪಾಟಿನಲ್ಲೇ ಉಳಿದುಬಿಡುತ್ತದೆ.

ಇದರಿಂದ ಏನಾಗುತ್ತದೆ ಎಂದು ತಿಳಿಯಲು ಹೆಪಟೈಟಿಸ್-ಬಿ ಉದಾಹರಣೆ ನೋಡಿ. ತಾಯಿಗೆ ಈ ಸೋಂಕು ಇದ್ದರೆ ಆಕೆಗೆ ಏನೂ ತೊಂದರೆ ಕಾಣಿಸದೆ ಇರಬಹುದು. ಆದರೆ ಹುಟ್ಟುವಾಗಲೇ ಸೋಂಕು ತಗುಲಿದ 10 ಶಿಶುಗಳಲ್ಲಿ ಸುಮಾರು 9 ಶಿಶುಗಳಿಗೆ ಅದು ದೀರ್ಘಕಾಲದ ಕಾಯಿಲೆಯಾಗಿ ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ಅವರಿಗೆ ಲಿವರ್ ಕಾಯಿಲೆ, ಲಿವರ್ ಕ್ಯಾನ್ಸರ್ ಬರುವ ಅಪಾಯವಿದೆ. ಇಂಥ ಮಗುವಿಗೆ ಲಸಿಕೆಯ ಜೊತೆಗೆ ಇಮ್ಯುನೋಗ್ಲೋಬುಲಿನ್ ಎಂಬ ಇನ್ನೊಂದು ಚುಚ್ಚುಮದ್ದನ್ನು ಆದಷ್ಟು ಬೇಗ, ಸಾಧ್ಯವಾದರೆ 12 ಗಂಟೆಗಳ ಒಳಗೆ ಕೊಡಬೇಕು. ರಾತ್ರಿ ಎರಡು ಗಂಟೆಗೆ ಹೆರಿಗೆಗೆ ಬಂದ ತಾಯಿಯ ರಿಪೋರ್ಟು ನೂರಾರು ಕಿಲೋಮೀಟರ್ ದೂರದಲ್ಲಿದ್ದರೆ ಆ ಅಮೂಲ್ಯ ಗಂಟೆಗಳು ಹುಡುಕಾಟದಲ್ಲೇ ಕಳೆದುಹೋಗಬಹುದು.

ಆದ್ದರಿಂದ ಈ ಕೆಲಸ ಇಂದೇ ಮಾಡಿ. ತಾಯಿ ಕಾರ್ಡಿನ ಎಲ್ಲ ಪುಟಗಳು, ರಕ್ತ ಪರೀಕ್ಷೆಯ ಚೀಟಿಗಳು, ಸ್ಕ್ಯಾನಿಂಗ್ ರಿಪೋರ್ಟು, ಇವುಗಳ ಫೋಟೋ ತೆಗೆದು ತಾಯಿಯ ಫೋನಿನಲ್ಲಿ ಇಟ್ಟುಕೊಳ್ಳಿ. ಅಕ್ಷರ ಓದಲು ಬರುತ್ತಿವೆಯೇ ಎಂದು ನೋಡಿ. ಹೊಸ ಆಸ್ಪತ್ರೆಗೆ ಹೋದಾಗ ಕೇಳುವ ಮೊದಲೇ ತೋರಿಸಿ. ಮೂಲ ಕಾಗದಗಳನ್ನು ಮಾತ್ರ ಎಂದಿಗೂ ಎಸೆಯಬೇಡಿ.

ಇನ್ನೊಂದು ವಿಷಯ. ದಾಖಲೆಯಲ್ಲಿ ಯಾರ ಫೋನ್ ನಂಬರ್ ಬರೆಸಿದ್ದೀರಿ? ದುಡಿಯಲು ಬೇರೆ ಊರಿಗೆ ಹೋಗಿರುವ ಯಜಮಾನರ ನಂಬರ್ ಇದ್ದರೆ ಲಸಿಕೆಯ ಸಂದೇಶ ಅವರಿಗೆ ಹೋಗುತ್ತದೆ, ಮಗು ಮನೆಯಲ್ಲೇ ಇರುತ್ತದೆ. ಸಿಮ್ ಬದಲಿಸಿದ್ದರೂ ಹೀಗೆಯೇ. ಮಗುವಿನ ಜೊತೆ ಇರುವವರ ನಂಬರನ್ನೇ ಬರೆಸಿ, ಬದಲಾದಾಗ ಸಿಸ್ಟರಿಗೆ ತಿಳಿಸಿ.

ಯು-ವಿನ್: ಎಲ್ಲಿದ್ದರೂ ಲಸಿಕೆ

ಕೋವಿಡ್ ಲಸಿಕೆಯ ಕಾಲದಲ್ಲಿ ಕೋ-ವಿನ್ ಎಂಬ ವ್ಯವಸ್ಥೆಯಲ್ಲಿ ನಾವೆಲ್ಲ ಹೆಸರು ನೋಂದಾಯಿಸಿದ್ದು ನಿಮಗೆ ನೆನಪಿರಬಹುದು. ಅದೇ ಮಾದರಿಯಲ್ಲಿ ಗರ್ಭಿಣಿಯರು ಮತ್ತು ಮಕ್ಕಳ ಲಸಿಕೆಗಾಗಿ ರೂಪಿಸಿದ ವ್ಯವಸ್ಥೆಯೇ ಯು-ವಿನ್. 2023ರಲ್ಲಿ ಇದನ್ನು ದೇಶದ ಕೆಲವು ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ ನಂತರ ವಿಸ್ತರಿಸಲಾಯಿತು. ಒಮ್ಮೆ ಹೆಸರು ದಾಖಲಾದರೆ ಹಾಕಿಸಿದ ಪ್ರತಿಯೊಂದು ಲಸಿಕೆಯೂ ಅದರಲ್ಲಿ ಸೇರುತ್ತದೆ. ಮುಂದಿನ ಲಸಿಕೆಯ ನೆನಪಿಗೆ ಮೊಬೈಲ್‌ಗೆ ಸಂದೇಶ ಬರುತ್ತದೆ. ಲಸಿಕೆಯ ಪ್ರಮಾಣಪತ್ರವನ್ನೂ ಫೋನಿನಲ್ಲಿ ಪಡೆಯಬಹುದು. ತವರಿನಲ್ಲಿ ಶುರುವಾದ ಲಸಿಕೆಯನ್ನು ಗಂಡನ ಊರಿನಲ್ಲಿ, ಅಥವಾ ದುಡಿಯಲು ಹೋದ ಬೇರೆ ರಾಜ್ಯದಲ್ಲಿ ಮುಂದುವರಿಸಲು ಇದರಿಂದ ಅನುಕೂಲ.

ಲಸಿಕೆ ಕೆಡದಂತೆ ನೋಡಿಕೊಳ್ಳಲೂ ಇಂಥದ್ದೇ ಏರ್ಪಾಡು ಇದೆ. ಲಸಿಕೆಗಳನ್ನು ಆರೋಗ್ಯ ಕೇಂದ್ರದ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. 2015ರಲ್ಲಿ ಆರಂಭವಾದ ಇ-ವಿನ್ ವ್ಯವಸ್ಥೆಯಲ್ಲಿ ಆ ತಂಪನ್ನು ಅಳೆಯುವ ಸಾಧನಗಳಿದ್ದು, ಏರುಪೇರಾದರೆ ಸಿಬ್ಬಂದಿಗೆ ಎಚ್ಚರಿಕೆ ಹೋಗುತ್ತದೆ.

ಮನೆಯಲ್ಲಿ ನೀವೇ ಮಾಡಬಹುದಾದ ಎರಡು ತಪಾಸಣೆ

1. ಜ್ವರ ನೋಡುವುದು: ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ. ಅದನ್ನು ಮಗುವಿನ ಕಂಕುಳಲ್ಲಿ ಇಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು, ಬೀಪ್ ಸದ್ದು ಬರುವ ತನಕ ಕಾಯಿರಿ. 97.7ರಿಂದ 99.5 ಡಿಗ್ರಿ ಫ್ಯಾರನ್‌ಹೀಟ್ ಒಳಗಿದ್ದರೆ ಸರಿ. 99.5 ದಾಟಿದರೆ ಆಸ್ಪತ್ರೆಗೆ ಬನ್ನಿ. ಮೈ ತಣ್ಣಗಾಗುವುದೂ ಸೋಂಕಿನ ಲಕ್ಷಣವೇ ಎಂಬುದು ಹಲವರಿಗೆ ತಿಳಿದಿಲ್ಲ. 97.7ಕ್ಕಿಂತ ಕಡಿಮೆ ಇದ್ದರೆ ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಹಾಕಿ, ಮೇಲೆ ಹೊದಿಸಿ, ಹಾಲು ಕುಡಿಸಿ, ಮತ್ತೆ ನೋಡಿ. ಏರದಿದ್ದರೆ ಆಸ್ಪತ್ರೆಗೆ ಕರೆತನ್ನಿ. 95.9ಕ್ಕಿಂತ ಕೆಳಗಿದ್ದರೆ ಕಾಯುವುದೇ ಬೇಡ, ಎದೆಗೆ ಅಪ್ಪಿಕೊಂಡೇ ಹೊರಡಿ.

2. ಉಸಿರು ಎಣಿಸುವುದು: ಮಗು ಅಳದೆ ಶಾಂತವಾಗಿರುವಾಗ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ. ಫೋನಿನ ಸ್ಟಾಪ್‌ವಾಚ್ ಹಚ್ಚಿ ಪೂರ್ತಿ ಒಂದು ನಿಮಿಷ ಹೊಟ್ಟೆ ಏರುವುದನ್ನು ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಎಳೆ ಮಕ್ಕಳ ಉಸಿರು ಒಂದೇ ಸಮನೆ ಇರುವುದಿಲ್ಲ. 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ. ಆಗಲೂ ಅಷ್ಟೇ ಬಂದರೆ ಕೂಡಲೇ ಆಸ್ಪತ್ರೆಗೆ ಬನ್ನಿ.

ಫೋನಿನಲ್ಲಿ ಕೇಳಬಹುದಾದದ್ದು, ಕೇಳುತ್ತ ಕೂರಬಾರದ್ದು

ಇ-ಸಂಜೀವಿನಿ ಎಂಬ ಸರ್ಕಾರಿ ಸೇವೆಯಲ್ಲಿ ವೈದ್ಯರೊಂದಿಗೆ ವಿಡಿಯೋ ಮೂಲಕ ಮಾತನಾಡಬಹುದು. ಲಸಿಕೆಯ ಸಂದೇಹ, ಹಾಲೂಡಿಸುವಲ್ಲಿ ಸಣ್ಣ ತೊಂದರೆ ಇಂಥವಕ್ಕೆ ಇದು ಒಳ್ಳೆಯದು. ಆದರೆ ಕೆಳಗಿನ ಯಾವುದೇ ಒಂದು ಲಕ್ಷಣ ಕಂಡರೆ ವಿಡಿಯೋ ಸಲಹೆಗೆ ಕಾಯದೆ ಆಸ್ಪತ್ರೆಗೆ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಮಗುವಿನಲ್ಲಿ: ಹಾಲು ಕುಡಿಯದಿರುವುದು ಅಥವಾ ಚೀಪುವ ಶಕ್ತಿ ಕುಂದುವುದು, ಎಬ್ಬಿಸಿದರೂ ಏಳದಂತೆ ಸೋತು ಮಲಗುವುದು, ಫಿಟ್ಸ್, ಉಸಿರಾಡುವಾಗ ಎದೆಗುಂಡಿ ಒಳಕ್ಕೆ ಎಳೆಯುವುದು, ಹೊಕ್ಕುಳ ಸುತ್ತ ಕೆಂಪು ಅಥವಾ ಕೀವು, ಅಂಗೈ-ಅಂಗಾಲು ಹಳದಿಯಾಗುವುದು.

ತಾಯಿಯಲ್ಲಿ: ಚಳಿ-ಜ್ವರ, ದುರ್ವಾಸನೆಯ ಸ್ರಾವ, ಕಿಬ್ಬೊಟ್ಟೆಯಲ್ಲಿ ತೀವ್ರ ನೋವು, ಹೊಲಿಗೆಯಲ್ಲಿ ಕೀವು, ಮೊಲೆ ಕೆಂಪಾಗಿ ಬಿಸಿಯಾಗಿ ನೋಯುವುದು, ಮಾತಿನಲ್ಲಿ ಗೊಂದಲ. "ಬಾಣಂತಿಗೆ ಜ್ವರ ಸಹಜ, ಹಾಲು ಕಟ್ಟಿದ್ದಕ್ಕೆ ಬಂದಿದೆ" ಎಂದು ಸುಮ್ಮನಿರಬೇಡಿ. ಬಾಣಂತಿಯ ನಂಜು ಜೀವಕ್ಕೇ ಅಪಾಯ.

ಮಗುವಿಗೆ ಫಿಟ್ಸ್‌ನಂತೆ ಕಂಡರೆ, ಒಬ್ಬರು ಹೊರಡುವ ಸಿದ್ಧತೆ ಮಾಡುತ್ತಿರುವಾಗ ಇನ್ನೊಬ್ಬರು ಕೆಲವು ಸೆಕೆಂಡಿನ ವಿಡಿಯೋ ತೆಗೆದುಕೊಳ್ಳಬಹುದು. ವೈದ್ಯರಿಗೆ ಅದರಿಂದ ಬಹಳ ಉಪಯೋಗ. ವಿಡಿಯೋಕ್ಕಾಗಿ ಮಾತ್ರ ತಡ ಮಾಡಬಾರದು.

ಗುಟ್ಟು ಕಾಪಾಡುವುದು

ರಕ್ತ ಪರೀಕ್ಷೆಯ ಫಲಿತಾಂಶ ನಿಮ್ಮ ಸ್ವಂತ ವಿಷಯ. ಎಚ್.ಐ.ವಿ. ಇರುವವರ ಮಾಹಿತಿಯನ್ನು ಗೌಪ್ಯವಾಗಿಡಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ. ಮನೆಮಂದಿಯೆಲ್ಲ ಒಂದೇ ಫೋನ್ ಬಳಸುತ್ತಿದ್ದರೆ ಅದನ್ನು ಆಪ್ತ ಸಮಾಲೋಚಕರಿಗೆ ಮೊದಲೇ ಹೇಳಿ. ಅಂಥ ರಿಪೋರ್ಟಿನ ಫೋಟೋವನ್ನು ವಾಟ್ಸ್‌ಆಪ್ ಗುಂಪಿಗೆ ಹಾಕಬೇಡಿ. ಹೆದರಿ ಪರೀಕ್ಷೆಯನ್ನೇ ಬಿಡುವುದು ಮಾತ್ರ ಸರಿಯಲ್ಲ. ಚಿಕಿತ್ಸೆ ಇಲ್ಲದಿದ್ದರೆ ಎಚ್.ಐ.ವಿ. ತಾಯಿಯಿಂದ ಮಗುವಿಗೆ ದಾಟುವ ಸಂಭವ 100ರಲ್ಲಿ 15ರಿಂದ 45. ತಾಯಿ ತಪ್ಪದೆ ಎ.ಆರ್.ಟಿ. ಮಾತ್ರೆ ತೆಗೆದುಕೊಂಡು, ಮಗುವಿಗೂ ಔಷಧಿ ಕೊಟ್ಟರೆ ಅದು 5ಕ್ಕಿಂತ ಕಡಿಮೆಯಾಗುತ್ತದೆ. ಮಾತ್ರೆಯ ವೇಳೆಗೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಹೆಸರು ಬರೆಯುವ ಅಗತ್ಯವಿಲ್ಲ.

ಫೋನು ಮಾಡಲಾಗದ ಕೆಲಸ

ಫೋನು ನಿಮ್ಮ ಕೈ ತೊಳೆಯುವುದಿಲ್ಲ. ದಿನವಿಡೀ ಬಸ್ಸು, ಸಂತೆ, ಆಸ್ಪತ್ರೆ ಎಲ್ಲ ಕಡೆ ತಿರುಗುವ ಫೋನಿನ ಮೇಲೂ ರೋಗಾಣುಗಳಿರುತ್ತವೆ. ಫೋನ್ ಮುಟ್ಟಿದ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ. ಸೋಪು ಹಚ್ಚಿ ತೊಳೆದು ಎತ್ತಿಕೊಳ್ಳಿ. ಮಗುವಿನ ಪಕ್ಕದಲ್ಲಿ ಫೋನ್ ಇಡಬೇಡಿ. ಹೊಕ್ಕುಳಿಗೆ ಏನನ್ನೂ ಹಚ್ಚದೆ ಒಣಗಿರಲು ಬಿಡಿ. ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಹಳದಿ ಹಾಲು ಕುಡಿಸಿ, ಆರು ತಿಂಗಳು ಬರೀ ಎದೆಹಾಲು ಕೊಡಿ. ಜೇನುತುಪ್ಪ, ಸಕ್ಕರೆ ನೀರು, ಜನ್ಮಘುಟ್ಟಿ ಬೇಡ. ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. "ಮಗು ಮಲಗಿದೆ" ಎಂದು ಬಾಗಿಲಿನಿಂದಲೇ ಕಳಿಸಬೇಡಿ, ತೋರಿಸಿ.

ಕೆಲವು ಪ್ರಶ್ನೆಗಳು

ನಮ್ಮದು ಸಾದಾ ಫೋನು. ಇವೆಲ್ಲ ನಮಗೆ ಆಗುತ್ತದೆಯೇ?
ಆಗುತ್ತದೆ. ಸಂದೇಶ ಸಾದಾ ಫೋನಿಗೂ ಬರುತ್ತದೆ. ನೋಂದಣಿಯನ್ನು ಸಿಸ್ಟರ್ ಮಾಡಿಕೊಡುತ್ತಾರೆ. ತಾಯಿ ಕಾರ್ಡು ಜೋಪಾನವಾಗಿರಲಿ.

ಸಂದೇಶ ಬರಲಿಲ್ಲ. ಲಸಿಕೆ ಇಲ್ಲವೆಂದು ಅರ್ಥವೇ?
ಅಲ್ಲ. ಕಾರ್ಡಿನಲ್ಲಿ ಬರೆದ ದಿನಾಂಕವೇ ಲೆಕ್ಕ. ದಿನ ತಪ್ಪಿದ್ದರೂ ಬನ್ನಿ, ಮೊದಲಿನಿಂದ ಶುರು ಮಾಡಬೇಕಿಲ್ಲ.

ಲಸಿಕೆಯಿಂದ ಮಕ್ಕಳಿಗೆ ತೊಂದರೆ ಎಂದು ವಾಟ್ಸ್‌ಆಪ್‌ನಲ್ಲಿ ಬಂದಿದೆ.
ಲಸಿಕೆಯ ನಂತರ ಸ್ವಲ್ಪ ಜ್ವರ, ನೋವು ಒಂದೆರಡು ದಿನ ಇರಬಹುದು. ಅದು ಇಳಿಯುತ್ತದೆ. ಯಾರು ಬರೆದರೆಂದು ತಿಳಿಯದ ಸಂದೇಶವನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು ಸಿಸ್ಟರನ್ನೋ ವೈದ್ಯರನ್ನೋ ಕೇಳಿ.

ತಾಯಿ-ಮಗುವಿನ ಯೋಜನೆಯ ಹಣ ಬಂದಿದೆ, ಓ.ಟಿ.ಪಿ. ಹೇಳಿ ಎಂದು ಕರೆ ಬಂದರೆ?
ಹೇಳಬೇಡಿ. ನಿಮ್ಮ ಎದುರು ಕುಳಿತು ನೋಂದಣಿ ಮಾಡುವ ಸಿಬ್ಬಂದಿಗೆ ಬಿಟ್ಟು ಫೋನಿನಲ್ಲಿ ಕೇಳುವವರಿಗೆ ಆ ಸಂಖ್ಯೆ ಕೊಡಬಾರದು.

ಡಿಸ್ಚಾರ್ಜ್ ಆಗುವ ಮುನ್ನ ನೋಡಿಕೊಳ್ಳಿ

- ಮಗುವಿಗೆ ಹುಟ್ಟಿದಾಗಿನ ಮೂರು ಲಸಿಕೆಗಳು ಆಗಿವೆಯೇ? ಕಾರ್ಡಿನಲ್ಲಿ ಬರೆದಿದ್ದಾರೆಯೇ?
- ತಾಯಿಯ ರಕ್ತ ಪರೀಕ್ಷೆಯ ಫಲಿತಾಂಶ ತಿಳಿದಿದೆಯೇ?
- ಎಲ್ಲ ಕಾಗದಗಳ ಫೋಟೋ ಫೋನಿನಲ್ಲಿ ಇದೆಯೇ?
- ಸರಿಯಾದ ಫೋನ್ ನಂಬರ್ ಬರೆಸಿದ್ದೀರಾ?
- ಮುಂದಿನ ಲಸಿಕೆ ಯಾವ ಊರಿನಲ್ಲಿ, ಯಾವ ದಿನ ಎಂದು ಗೊತ್ತಿದೆಯೇ?

ಇವುಗಳಲ್ಲಿ ಒಂದಕ್ಕೆ "ಇಲ್ಲ" ಎಂಬ ಉತ್ತರ ಬಂದರೂ ಸಂಕೋಚಪಡದೆ ವಾರ್ಡಿನ ಸಿಸ್ಟರನ್ನು ಕೇಳಿ. ಮನೆಗೆ ಹೋದ ಮೇಲೆ ಸಂದೇಹ ಬಂದರೂ ಹಗಲು-ರಾತ್ರಿ ಎನ್ನದೆ ಬನ್ನಿ. ತಾಯಿ-ಮಗು ಇಬ್ಬರೂ ಆರೋಗ್ಯವಾಗಿರಲಿ.