ರೊಟ್ಟಿಯ ರುಚಿ ಯಾರ ದುಡಿಮೆ?

ಬಡ ಸೀಮೆಯ ಊಟವೇ ಹೆಚ್ಚು ರುಚಿ ಎಂಬ ಮಾತು ವಾಡಿಕೆಯಲ್ಲಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ರೊಟ್ಟಿಯೂಟ ಉಂಡೆದ್ದ ಪರಸ್ಥಳದವರಂತೂ ಇದನ್ನು ತಪ್ಪದೆ ಆಡುತ್ತಾರೆ. ಈ ಮಾತಿನಲ್ಲಿ ನಿಜವೆಷ್ಟು ಎಂಬುದನ್ನು ನಾನಿಲ್ಲಿ ವಿಚಾರ ಮಾಡಬಯಸುತ್ತೇನೆ.

ಮೊದಲು ಜೋಳವನ್ನೇ ತೆಗೆದುಕೊಳ್ಳೋಣ. ಗೋದಿಗಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ. ಚಪಾತಿಯಂತೆ ಲಟ್ಟಿಸಹೋದರೆ ಹರಿಯುತ್ತದೆ. ಆದುದರಿಂದ ಕುದಿಯುವ ನೀರು ಹೊಯ್ದು, ಹದವಾಗಿ ನಾದಿ, ಅಂಗೈಯಿಂದ ಬಡಿದು ತೆಳ್ಳಗೆ ಮಾಡಬೇಕು. ಧಾನ್ಯದಲ್ಲಿಲ್ಲದ ಗುಣವನ್ನು ಕೈಯ ಕಸುಬು ತುಂಬಿಕೊಡುತ್ತದೆ. ಹಾಲು ತುಪ್ಪ ಸಾಲದ ಮನೆಗಳಲ್ಲಿ ಗುರೆಳ್ಳು, ಅಗಸಿ, ಶೇಂಗಾಗಳ ಚಟ್ನಿಪುಡಿಯೇ ಜಿಡ್ಡನ್ನು ಒದಗಿಸಿತು. ಮಳೆಯನ್ನೇ ನಂಬಿದ ರೈತ ಒಂದು ಬೆಳೆ ಹೋದರೆ ಇನ್ನೊಂದಾದರೂ ಉಳಿಯಲೆಂದು ಅಕ್ಕಡಿ ಸಾಲುಗಳಲ್ಲಿ ಹಲವು ಕಾಳುಗಳನ್ನು ಬಿತ್ತಿದ. ಹೊಲದ ಆ ಎಚ್ಚರವೇ ಗಂಗಾಳದ ವೈವಿಧ್ಯವಾಯಿತು.

ಆದರೂ ಇದನ್ನು ಬಡತನದ ಕೊಡುಗೆಯೆಂದು ನಾನು ಒಪ್ಪಲಾರೆ. ೧೮೭೬-೭೮ರ ಮಹಾಕ್ಷಾಮದಲ್ಲಿ ಧಾರವಾಡ ಜಿಲ್ಲೆ ಹಸಿವಿನಿಂದ ಕಂಗೆಟ್ಟಿತು. ಹಾವೇರಿ ಆಗ ಅದರಲ್ಲೇ ಇದ್ದು, ಬೇರೆ ಜಿಲ್ಲೆಯಾದದ್ದು ೧೯೯೭ರಲ್ಲಿ. ಅಂಥ ದಾರಿದ್ರ್ಯ ಯಾವ ಅಡುಗೆಯನ್ನೂ ಬೆಳೆಸುವುದಿಲ್ಲ. ಹಗೇವಿನಲ್ಲಿ ಒಂದಿಷ್ಟು ಜೋಳ, ಒಲೆಗೆ ಕಟ್ಟಿಗೆ, ಅದಕ್ಕಿಂತ ಮಿಗಿಲಾಗಿ ಹೆಣ್ಣುಮಕ್ಕಳ ತಾಸುಗಟ್ಟಲೆಯ ದುಡಿಮೆ, ಇಷ್ಟಿದ್ದಾಗಲೇ ಕೊರತೆಯೊಳಗಿಂದ ರುಚಿ ಹುಟ್ಟುತ್ತದೆ. ಬೀಸಿದ, ಕುಟ್ಟಿದ, ಬಡಿದ ಆ ಕೈಗಳಿಗೆ ಯಾರೂ ಕೂಲಿ ಕಟ್ಟಲಿಲ್ಲ. ಅದರಿಂದಲೇ ಈ ಊಟ ಅಗ್ಗವೆಂದು ತೋರಿತು.

ಕೂಲಿ ಕಟ್ಟತೊಡಗಿದೊಡನೆ ಲೆಕ್ಕ ಬದಲಾಗುತ್ತದೆ. ಕೈಯಿಂದ ಬಡಿದ ಖಡಕ್ ರೊಟ್ಟಿ ಇಂದು ನಗರದ ಅಂಗಡಿಗಳಲ್ಲಿ ಬೆಲೆಯುಳ್ಳ ತಿನಿಸು. ಖಾರ ಕಡಿಮೆಯಾಗಿ ಬಣ್ಣ ಗಾಢವಾಗಿರುವ ಬ್ಯಾಡಗಿ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದರ ಕೆಂಪು ಸತ್ತ್ವವನ್ನು ಕಾರ್ಖಾನೆಗಳು ತೆಗೆದು ತಿನಿಸುಗಳಿಗೂ ತುಟಿರಂಗಿಗೂ ಬಳಸುತ್ತವೆ. ಇತ್ತ ೨೦೧೩ರ ಅನ್ನಭಾಗ್ಯ ಯೋಜನೆಯ ಅಕ್ಕಿ ಬಡವರ ಹಸಿವನ್ನು ತಣಿಸಿದೆ. ದಿನವಿಡೀ ಕೂಲಿ ಮಾಡಿ ಬಂದವಳು ರೊಟ್ಟಿ ಬಡಿಯುವ ಬದಲು ಅನ್ನಕ್ಕಿಟ್ಟರೆ, ರುಚಿ ಕೆಟ್ಟಿತೆಂದು ದೂರುವ ಅಧಿಕಾರ ಉಂಡು ಹೋಗುವ ನಮಗಿಲ್ಲ.

ಈ ಅಡುಗೆ ಉಳಿಯಬೇಕೆಂಬ ಆಸೆ ನನಗೂ ಇದೆ. ಆದರೆ ಅದು ಬಡತನವನ್ನು ಉಳಿಸಿಕೊಂಡು ಉಳಿಯಬಾರದು. ಜೋಳ ಬೆಳೆದವನಿಗೆ ನ್ಯಾಯವಾದ ಬೆಲೆ, ರೊಟ್ಟಿ ಬಡಿದವಳಿಗೆ ತಕ್ಕ ಕೂಲಿ ಸಿಗಲಿ. ಮನೆಯೊಳಗೆ ಆ ಕೆಲಸದಲ್ಲಿ ಗಂಡಸರೂ ಪಾಲು ತೆಗೆದುಕೊಳ್ಳಲಿ.